ಮತಗಟ್ಟೆಗೆ ಬಾರದವರು ಯಾರು? ವಯಸ್ಸು, ಆಸ್ತಿ ಮತ್ತು ಮತದಾನದ ರೂಢಿ

(ರಾಷ್ಟ್ರೀಯ ಮತದಾರರ ದಿನದ ಅಂಗವಾಗಿ, ಜನವರಿ 2025ರಲ್ಲಿ, ಗುಳೇದಗುಡ್ಡ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ)



1950ರ ಜನವರಿ 25ರಂದು ಭಾರತ ಚುನಾವಣಾ ಆಯೋಗವು ಸ್ಥಾಪನೆಯಾಯಿತು. ಅದರ ನೆನಪಿಗಾಗಿ 2011ರಿಂದ ಈ ದಿನವನ್ನು ಮತದಾರರ ದಿನವೆಂದು ಆಚರಿಸುತ್ತಿದ್ದೇವೆ. ಪ್ರತಿಜ್ಞಾ ವಿಧಿಯನ್ನು ಈಗಷ್ಟೇ ಎಲ್ಲರೂ ಎದ್ದು ನಿಂತು ಸ್ವೀಕರಿಸಿದ್ದೇವೆ. ನನಗೆ ಒಪ್ಪಿಸಿರುವ ವಿಷಯ ಆ ಪ್ರತಿಜ್ಞೆಗೆ ಹೊಂದಿಕೊಂಡದ್ದು. ಮನುಷ್ಯನ ವಯಸ್ಸು ಮತ್ತು ಅವನ ಕೈಯಲ್ಲಿರುವ ಹಣ ಅವನ ಮತದಾನದ ರೂಢಿಯನ್ನು ಹೇಗೆ ರೂಪಿಸುತ್ತವೆ ಎಂಬುದೇ ಆ ವಿಷಯ.

ಇದು ವಿಶ್ವವಿದ್ಯಾಲಯದಲ್ಲಿ ಚರ್ಚಿಸುವ ವಿಷಯ, ನಮಗೇಕೆ ಎಂದು ತಮಗೆ ಅನಿಸಬಹುದು. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಎರಡೂ ಹಂತಗಳಲ್ಲಿ ಶೇ. 80ಕ್ಕೂ ಹೆಚ್ಚು ಮತದಾನವಾಯಿತು. ಅದು ಹೆಮ್ಮೆಪಡುವಂತಹ ಅಂಕಿ. ಆದರೂ ಪ್ರತಿ ಐದು ಮತದಾರರಲ್ಲಿ ಸುಮಾರು ಒಬ್ಬರು ಬರಲಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಸಾವಿರ ಮತದಾರರಿರುವ ಒಂದು ವಾರ್ಡನ್ನು ಊಹಿಸಿಕೊಳ್ಳಿ. ಅಲ್ಲಿ ಇನ್ನೂರು ಜನ ಬರಲಿಲ್ಲ ಎಂದಾಯಿತು. ಈ ಸಭೆಯಲ್ಲಿ ಕುಳಿತವರಲ್ಲಿ ಅನೇಕರು ಎರಡಂಕಿಯ ಅಂತರದಲ್ಲಿ ಗೆದ್ದವರಿದ್ದೀರಿ. ಸಮಬಲವಾದಾಗ ಚೀಟಿ ಎತ್ತಿ ತೀರ್ಮಾನಿಸಿದ ಪ್ರಸಂಗಗಳೂ ಪಂಚಾಯಿತಿ ಚುನಾವಣೆಗಳಲ್ಲಿ ಹೊಸವಲ್ಲ. ಗುಳೇದಗುಡ್ಡ ಪಟ್ಟಣವನ್ನು ಒಳಗೊಂಡ ಬಾದಾಮಿ ವಿಧಾನಸಭಾ ಕ್ಷೇತ್ರದಲ್ಲಿ 2018ರಲ್ಲಿ ಗೆಲುವಿನ ಅಂತರ 1,696 ಮತಗಳು. ಅದು ಹೆಚ್ಚೆಂದರೆ ಎರಡು ಮತಗಟ್ಟೆಗಳ ಮತದಾರರ ಸಂಖ್ಯೆ. ಹೀಗಿರುವಾಗ ಬಾರದೆ ಉಳಿದವರು ಯಾರು, ಅವರ ವಯಸ್ಸೇನು, ಅವರ ಜೀವನೋಪಾಯವೇನು ಎಂದು ತಿಳಿದುಕೊಳ್ಳುವುದು ನಮ್ಮ ಕೆಲಸವೇ ಆಗಿದೆ.

ಮೊದಲಿಗೆ ಸ್ವಲ್ಪ ಹಿಂದಿನ ಸಂಗತಿ. ಮತದಾನದ ಹಕ್ಕು ಮತ್ತು ಆಸ್ತಿ ಒಂದೇ ದಾರದಲ್ಲಿ ಪೋಣಿಸಿದ್ದ ಕಾಲವೊಂದಿತ್ತು. ನಮ್ಮ ಭಾಗವು ಆಗ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಬ್ರಿಟಿಷರ ಕಾಲದ ಶಾಸನಸಭಾ ಚುನಾವಣೆಗಳಲ್ಲಿ ಮತ ಹಾಕಲು ನಿಗದಿತ ಪ್ರಮಾಣದ ಭೂಕಂದಾಯ ಕಟ್ಟುವವರಾಗಿರಬೇಕಿತ್ತು, ಇಲ್ಲವೇ ಮನೆ ಬಾಡಿಗೆ, ಆದಾಯ ತೆರಿಗೆ, ವಿದ್ಯಾರ್ಹತೆ ಇಂತಹ ಯಾವುದಾದರೊಂದು ಅರ್ಹತೆ ಇರಬೇಕಿತ್ತು. 1935ರ ಭಾರತ ಸರ್ಕಾರ ಕಾಯ್ದೆಯು ಈ ಹಕ್ಕನ್ನು ವಿಸ್ತರಿಸಿದ ಮೇಲೆಯೂ ದೇಶದ ಬಹುಸಂಖ್ಯಾತರು ಮತದಾರರಾಗಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತು ಖಣ ನೇಯುತ್ತಿದ್ದ ಕೂಲಿ ನೇಕಾರನಿಗೂ, ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳಿಗೂ ಆ ಪಟ್ಟಿಯಲ್ಲಿ ಸ್ಥಾನ ದೊರೆಯುವುದು ಕಷ್ಟವಿತ್ತು.

ಸಂವಿಧಾನದ 326ನೇ ವಿಧಿಯು ಈ ದಾರವನ್ನು ಕಡಿಯಿತು. ಆಸ್ತಿ ಕೇಳಲಿಲ್ಲ, ಓದು ಕೇಳಲಿಲ್ಲ, ಗಂಡು ಹೆಣ್ಣೆಂಬ ಭೇದ ಮಾಡಲಿಲ್ಲ. ವಯಸ್ಸೊಂದನ್ನು ಮಾತ್ರ ಕೇಳಿತು. ಆ ವಯಸ್ಸು ಮೊದಲು 21 ಆಗಿತ್ತು. 61ನೇ ತಿದ್ದುಪಡಿಯ ಮೂಲಕ 1989ರ ಮಾರ್ಚ್‌ನಿಂದ ಅದು 18 ಆಯಿತು. ಅಂದರೆ ಕಾನೂನಿನ ಪುಟದಲ್ಲಿ ಆಸ್ತಿಯ ಅಡ್ಡಗೋಡೆ ಬಿದ್ದು ಎಪ್ಪತ್ತೈದು ವರ್ಷಗಳಾದವು, ವಯಸ್ಸಿನ ಅಡ್ಡಗೋಡೆ ತಗ್ಗಿ ಮೂವತ್ತೈದು ವರ್ಷಗಳು ಕಳೆದವು. ನಡವಳಿಕೆಯಲ್ಲಿ ಈ ಎರಡು ಗೋಡೆಗಳು ಎಷ್ಟರಮಟ್ಟಿಗೆ ಉಳಿದಿವೆ ಎಂಬುದು ಇಂದಿನ ಪ್ರಶ್ನೆ.

ಅನ್ಯ ದೇಶದ ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆಯಂತೆ, 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ 65ರಿಂದ 74 ವರ್ಷದ ನಾಗರಿಕರಲ್ಲಿ ಸುಮಾರು ಶೇ. 76 ಜನ ಮತ ಹಾಕಿದರು. 18ರಿಂದ 24 ವರ್ಷದವರಲ್ಲಿ ಹಾಕಿದವರು ಸುಮಾರು ಶೇ. 51 ಮಾತ್ರ. ಆದಾಯ ಏರಿದಂತೆ ಅಲ್ಲಿ ಮತದಾನವೂ ಏರುತ್ತದೆ. ಅದಕ್ಕೆ ಕಾರಣಗಳು ಸರಳವಾಗಿವೆ. ವಯಸ್ಸಾದವರಿಗೆ ನೆಲೆ ನಿಂತ ಮನೆಯಿರುತ್ತದೆ, ವಿಳಾಸ ಬದಲಾಗುವುದಿಲ್ಲ, ನೆರೆಹೊರೆಯ ಪರಿಚಯವಿರುತ್ತದೆ. ಹಣವಿದ್ದವರಿಗೆ ಬಿಡುವಿರುತ್ತದೆ, ಕಾಗದಪತ್ರಗಳನ್ನು ಪೂರೈಸುವ ಅಭ್ಯಾಸವಿರುತ್ತದೆ.

ಭಾರತದಲ್ಲಿ ಹಣದ ವಿಷಯವು ತಿರುಗಿ ನಿಲ್ಲುತ್ತದೆ. ದೆಹಲಿಯ ಲೋಕನೀತಿ ಸಂಸ್ಥೆಯು 1990ರ ದಶಕದಿಂದ ನಡೆಸುತ್ತ ಬಂದಿರುವ ಸಮೀಕ್ಷೆಗಳಲ್ಲಿ, ಬಡವರು ಸಿರಿವಂತರಷ್ಟೇ, ಕೆಲವೊಮ್ಮೆ ಅವರಿಗಿಂತ ಹೆಚ್ಚಾಗಿ ಮತ ಹಾಕುತ್ತಾರೆಂದು ಕಂಡುಬಂದಿದೆ. ನಮ್ಮ ರಾಜ್ಯದ ಅಂಕಿಗಳನ್ನೇ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಸುಮಾರು ಶೇ. 53 ಮತದಾನವಾದರೆ, ಮಂಡ್ಯದಲ್ಲಿ ಶೇ. 81ನ್ನು ದಾಟಿತು. ನಮ್ಮ ಬಾಗಲಕೋಟೆಯಲ್ಲಿ ಶೇ. 70ಕ್ಕೂ ಹೆಚ್ಚಾಯಿತು. ಮುಕುಲಿಕಾ ಬ್ಯಾನರ್ಜಿ ಎಂಬ ಮಾನವಶಾಸ್ತ್ರಜ್ಞೆ ದೇಶದ ಹಲವು ರಾಜ್ಯಗಳ ಮತದಾರರನ್ನು ಮಾತನಾಡಿಸಿ 2014ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮತದಾನವು ತಮ್ಮ ಕರ್ತವ್ಯವೆಂದೂ, ಮತಗಟ್ಟೆಯ ಸಾಲಿನಲ್ಲಿ ಎಲ್ಲರೂ ಸಮಾನರೆಂದೂ ಬಡವರು ಅವರ ತಂಡಕ್ಕೆ ಹೇಳಿದರು. ಇದರಲ್ಲಿ ನಮಗೆ ಆಶ್ಚರ್ಯವೇನಿಲ್ಲ. ಉಳ್ಳವನಿಗೆ ಕಚೇರಿಯ ಬಾಗಿಲು, ಮುಖಂಡರ ಮನೆಯ ಬಾಗಿಲು, ವಕೀಲರ ಬಾಗಿಲು ಇವೆಲ್ಲ ತೆರೆದಿರುತ್ತವೆ. ಇಲ್ಲದವನಿಗೆ ಐದು ವರ್ಷಕ್ಕೊಮ್ಮೆ ತೆರೆಯುವ ಮತಗಟ್ಟೆಯ ಬಾಗಿಲೊಂದೇ ಇದೆ. ಆದ್ದರಿಂದಲೇ ಅವನು ಅದನ್ನು ಬಿಡುವುದಿಲ್ಲ.

ಎಂಜಿನಿಯರಿಂಗ್ ಓದಿದವನಾದ್ದರಿಂದ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸುತ್ತೇನೆ. ಶೇಕಡಾವಾರು ಎಂಬುದು ಭಾಗಾಕಾರ. ಮತ ಹಾಕಿದವರ ಸಂಖ್ಯೆಯನ್ನು ಪಟ್ಟಿಯಲ್ಲಿರುವ ಹೆಸರುಗಳ ಸಂಖ್ಯೆಯಿಂದ ಭಾಗಿಸುತ್ತೇವೆ. ತೀರಿಕೊಂಡವರ ಹೆಸರು, ಊರು ಬಿಟ್ಟುಹೋದವರ ಹೆಸರು, ಎರಡು ಕಡೆ ಇರುವ ಹೆಸರು ಪಟ್ಟಿಯಲ್ಲಿ ಉಳಿದರೆ, ಜನರೆಲ್ಲ ಬಂದರೂ ಶೇಕಡಾವಾರು ಕಡಿಮೆ ಕಾಣುತ್ತದೆ. ಹದಿನೆಂಟು ತುಂಬಿದವರ ಹೆಸರು ಪಟ್ಟಿಗೆ ಸೇರದಿದ್ದರೆ, ಅವರು ಬಾರದಿದ್ದರೂ ಶೇಕಡಾವಾರು ಚೆನ್ನಾಗಿಯೇ ಕಾಣುತ್ತದೆ. ಬೆಂಗಳೂರಿನ ಕಡಿಮೆ ಅಂಕಿಯಲ್ಲಿ ಒಂದಿಷ್ಟು ಪಾಲು ಹಳೆಯ ಪಟ್ಟಿಯದೂ ಇರಬಲ್ಲದು. ಹಾಗೆಯೇ ನಮ್ಮ ಶೇ. 80ರ ಹಿಂದೆ ಪಟ್ಟಿಗೇ ಸೇರದ ಯುವಕ ಯುವತಿಯರು ಮರೆಯಾಗಿರಬಲ್ಲರು. ಆದ್ದರಿಂದ ಮೊದಲು ಪಟ್ಟಿಯನ್ನು ನೋಡಬೇಕು, ಆಮೇಲೆ ಮತಗಟ್ಟೆಯನ್ನು ನೋಡಬೇಕು.

ಈಗ ವಯಸ್ಸಿನ ವಿಷಯಕ್ಕೆ ಬರುತ್ತೇನೆ.

2024ರ ಲೋಕಸಭಾ ಚುನಾವಣೆಗೆ ಮುನ್ನ ದೇಶದ ಮತದಾರರ ಪಟ್ಟಿಯಲ್ಲಿ ಸುಮಾರು 97 ಕೋಟಿ ಹೆಸರುಗಳಿದ್ದವು. ಅವುಗಳಲ್ಲಿ 18 ಮತ್ತು 19ರ ಹರೆಯದವರು 1.8 ಕೋಟಿಯಷ್ಟು ಮಾತ್ರ. ಆ ವಯಸ್ಸಿನವರ ಒಟ್ಟು ಜನಸಂಖ್ಯೆಗೆ ಹೋಲಿಸಿದರೆ ಇದು ಅರ್ಧಕ್ಕಿಂತಲೂ ಕಡಿಮೆ. ಅಂದರೆ ಈ ವಯಸ್ಸಿನ ಬಹುಪಾಲು ಮಕ್ಕಳಿಗೆ ಮತದಾನದ ದಿನ ಬರುವ ಮೊದಲೇ ಅವಕಾಶ ತಪ್ಪಿಹೋಗಿರುತ್ತದೆ. ಯುವಕರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ, ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದು ಕಟ್ಟೆಯ ಮೇಲೆ ಕುಳಿತು ನಾವು ಹೇಳುವುದುಂಟು. ಹೆಸರೇ ಇಲ್ಲದವನ ಆಸಕ್ತಿಯನ್ನು ಅಳೆಯುವುದು ಹೇಗೆ?

ಮತದಾನವು ಒಂದು ರೂಢಿ. ಮೊದಲ ಎರಡು ಮೂರು ಚುನಾವಣೆಗಳಲ್ಲಿ ಮತ ಹಾಕಿದವನು ಮುಂದೆಯೂ ಹಾಕುತ್ತಾನೆ, ಆಗ ತಪ್ಪಿಸಿಕೊಂಡವನು ಮುಂದೆಯೂ ತಪ್ಪಿಸಿಕೊಳ್ಳುವ ಸಂಭವ ಹೆಚ್ಚು ಎಂದು ರಾಜ್ಯಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆದ್ದರಿಂದ ಹದಿನೆಂಟನೆಯ ವಯಸ್ಸಿನಲ್ಲಿ ಆಗುವ ಒಂದು ಸಣ್ಣ ಲೋಪ ನಲವತ್ತನೆಯ ವಯಸ್ಸಿನವರೆಗೂ ಉಳಿಯಬಲ್ಲದು. ಹಿಂದೆ ಜನವರಿ 1ರಂದು 18 ತುಂಬಿದವರಿಗೆ ಮಾತ್ರ ಆ ವರ್ಷ ಹೆಸರು ಸೇರಿಸಲು ಅವಕಾಶವಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. 17 ತುಂಬಿದವರು ಮುಂಗಡವಾಗಿ ನಮೂನೆ 6ನ್ನು ಸಲ್ಲಿಸಬಹುದು. ಈ ವಿಷಯ ನಮ್ಮ ಪದವಿಪೂರ್ವ ಕಾಲೇಜುಗಳ ಎಷ್ಟು ಮಕ್ಕಳಿಗೆ ತಿಳಿದಿದೆ ಎಂದು ಒಮ್ಮೆ ವಿಚಾರಿಸಿ ನೋಡಿ. ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿಯು ವಿಧಾನಸಭಾ ಕ್ಷೇತ್ರದ ಪಟ್ಟಿಯಿಂದಲೇ ಸಿದ್ಧವಾಗುತ್ತದೆ. ಅಲ್ಲಿ ಇಲ್ಲದ ಹೆಸರು ಇಲ್ಲಿಯೂ ಇರುವುದಿಲ್ಲ.

ತರುಣಿಯರ ವಿಷಯ ಇನ್ನೂ ಸೂಕ್ಷ್ಮವಾದುದು. ಹೆಣ್ಣುಮಗಳೊಬ್ಬಳು ತವರಿನಲ್ಲಿ 18ಕ್ಕೆ ಹೆಸರು ಸೇರಿಸಿರುತ್ತಾಳೆ. ಕೆಲವು ವರ್ಷಗಳಲ್ಲಿ ಮದುವೆಯಾಗಿ ಹುನಗುಂದ ಕಡೆಗೋ ಇಳಕಲ್ಲಿನ ಕಡೆಗೋ ಹೋಗುತ್ತಾಳೆ. ಹೆಸರು ತವರಿನ ಪಟ್ಟಿಯಲ್ಲೇ ಉಳಿಯುತ್ತದೆ. ತವರಿನಲ್ಲಿ ಆಕೆ ಗೈರುಹಾಜರಿ, ಗಂಡನ ಊರಿನಲ್ಲಿ ಆಕೆ ಮತದಾರಳೇ ಅಲ್ಲ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ ನಮ್ಮದು. ಆ ಸ್ಥಾನಗಳಿಗೆ ಆರಿಸಿ ಕಳುಹಿಸಬೇಕಾದ ಸೊಸೆಯಂದಿರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಮೀಸಲಾತಿ ಅರ್ಧವೇ ಫಲಿಸಿದಂತೆ. ನಮೂನೆ 8ರ ಒಂದು ಅರ್ಜಿಯಿಂದ ಸ್ಥಳಾಂತರ ಸಾಧ್ಯವಿದೆ. ಮದುವೆಯಾಗಿ ಬಂದ ಮನೆಯಲ್ಲಿ ಪಡಿತರ ಚೀಟಿಗೆ ಹೆಸರು ಸೇರಿಸಲು ಓಡಾಡುವ ಕುಟುಂಬದವರು, ಅದೇ ವಾರದಲ್ಲಿ ಈ ಅರ್ಜಿಯನ್ನೂ ಕೊಡುವಂತೆ ಸದಸ್ಯರು ಹೇಳಿಕೊಡಬಹುದು.

ವೃದ್ಧರ ಕಥೆ ಬೇರೆ. ಅವರು ಮತದಾನವನ್ನು ತಪ್ಪಿಸಲು ಬಯಸುವವರಲ್ಲ. ಅಜ್ಜಂದಿರು ಮುಂಜಾನೆಯೇ ಧೋತರ ಉಟ್ಟು, ಪಟಗಾ ಸುತ್ತಿಕೊಂಡು ಸಾಲಿನಲ್ಲಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಅವರನ್ನು ತಡೆಯುವುದು ಮೊಣಕಾಲು ನೋವು, ಕಣ್ಣಿನ ಪೊರೆ, ಮತಗಟ್ಟೆಯ ಮೂರು ಮೆಟ್ಟಿಲು. ಲೋಕಸಭೆ ಮತ್ತು ವಿಧಾನಸಭಾ ಚುನಾವಣೆಗಳಿಗೆ ಭಾರತ ಚುನಾವಣಾ ಆಯೋಗವು ಮನೆಯಿಂದಲೇ ಮತ ಹಾಕುವ ಏರ್ಪಾಡು ಮಾಡಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ಮೇಲ್ಪಟ್ಟವರಿಗೆ, 2024ರ ಲೋಕಸಭಾ ಚುನಾವಣೆಯಲ್ಲಿ 85 ವರ್ಷ ಮೇಲ್ಪಟ್ಟವರಿಗೆ, ಹಾಗೂ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ನಮೂನೆ 12ಡಿ ಮೂಲಕ ಈ ಸೌಲಭ್ಯ ದೊರೆಯಿತು. ಪಂಚಾಯಿತಿ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿ ನಮ್ಮ ಕೈಲಾಗುವುದು ಮತಗಟ್ಟೆಯ ಕಟ್ಟಡ. ಆ ಕಟ್ಟಡ ಹೆಚ್ಚಾಗಿ ನಮ್ಮದೇ ಊರಿನ ಶಾಲೆ. ಅದಕ್ಕೊಂದು ಇಳಿಜಾರು ದಾರಿ, ಹಿಡಿದುಕೊಳ್ಳಲು ಒಂದು ಕಂಬಿ, ಕುಳಿತುಕೊಳ್ಳಲು ನೆರಳು ಇವಿಷ್ಟನ್ನು ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಮಾಡಿಸಬಹುದು. ಅದು ವರ್ಷವಿಡೀ ಮಕ್ಕಳಿಗೂ ಉಪಯೋಗ.

ಇನ್ನು ಆಸ್ತಿಯ ವಿಷಯ.

ನಮ್ಮ ಬಡವರು ಮತ ಹಾಕುತ್ತಾರೆ ಎಂದೆ. ಆದರೆ ಅದಕ್ಕಾಗಿ ಅವರು ತೆರುವ ಬೆಲೆ ಉಳ್ಳವರಿಗಿಂತ ಹೆಚ್ಚು. ಮತದಾನದ ದಿನ ಉದ್ಯೋಗಿಗಳಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆ 1951ರ 135ಬಿ ಕಲಂ ಹೇಳುತ್ತದೆ. ಸರ್ಕಾರಿ ನೌಕರರಾದ ನಮಗೆ ಆ ರಜೆ ತಾನಾಗಿಯೇ ಸಿಗುತ್ತದೆ. ಮನೆಯೊಳಗಿನ ಮಗ್ಗದಲ್ಲಿ ನೇಯ್ದಷ್ಟಕ್ಕೆ ಕೂಲಿ ಪಡೆಯುವ ನೇಕಾರನಿಗೆ ಆ ರಜೆಯ ಸಂಬಳ ಕೊಡುವವರು ಯಾರು? ಮಗ್ಗ ನಿಂತ ಗಂಟೆಗೆ ಕೂಲಿಯೂ ನಿಲ್ಲುತ್ತದೆ. ಹೊಲದ ಕೂಲಿಯವರದೂ ಇದೇ ಸ್ಥಿತಿ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಒಂದು ದಿನ ಕೆಲಸ ಬಿಟ್ಟವನಿಗೆ ಮತದಾನದ ಖರ್ಚು ಅಷ್ಟಾಯಿತೆಂದು ಲೆಕ್ಕ ಹಾಕಬಹುದು. ಇಂಥವರು ಸಾಲಿನಲ್ಲಿ ಎರಡು ಗಂಟೆ ನಿಲ್ಲುವಂತಾದರೆ ಅವರ ಭಾರ ಹೆಚ್ಚಾಗುತ್ತದೆ. ಮತಗಟ್ಟೆಯಲ್ಲಿ ನೂಕುನುಗ್ಗಲು ತಪ್ಪಿಸುವುದು, ದೂರದ ಓಣಿಯವರಿಗೆ ಹತ್ತಿರದ ಮತಗಟ್ಟೆ ಬೇಕೆಂದು ತಹಶೀಲ್ದಾರರಿಗೆ ಸಕಾಲದಲ್ಲಿ ಬರೆದುಕೊಳ್ಳುವುದು ಬಡವನ ಕೂಲಿಯನ್ನು ಉಳಿಸುವ ಕೆಲಸಗಳೇ.

ಇದಕ್ಕಿಂತ ಕಠಿಣವಾದದ್ದು ಗುಳೆ ಹೋದವರ ಸ್ಥಿತಿ. ಹಿಂಗಾರಿ ಕೈಕೊಟ್ಟ ವರ್ಷ ನಮ್ಮ ಓಣಿಗಳ ಮನೆಗಳಿಗೆ ಬೀಗ ಬೀಳುತ್ತದೆ. ಗೋವಾ, ಮಂಗಳೂರು, ಬೆಂಗಳೂರು, ಮಹಾರಾಷ್ಟ್ರ ಹೀಗೆ ಕಟ್ಟಡದ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಇವರಲ್ಲಿ ಹೆಚ್ಚಿನವರು ಯುವಕರು ಮತ್ತು ಬಡವರು. ಅಂದರೆ ವಯಸ್ಸು ಮತ್ತು ಬಡತನ ಎರಡೂ ಕೂಡಿ ಒಬ್ಬನನ್ನೇ ಮತಗಟ್ಟೆಯಿಂದ ದೂರವಿಡುವುದು ಇಲ್ಲಿಯೇ. ಬಾರದ ಐದನೆಯ ಒಂದು ಪಾಲಿನಲ್ಲಿ ಇವರನ್ನು ಮೊದಲು ಹುಡುಕಬೇಕು.

ಇವರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. "ಅಂವಾ ಊರಾಗ ಇಲ್ಲ, ಹೆಸರು ತೆಗೀರಿ" ಎಂದು ಕೆಲವರು ಹೇಳುತ್ತಾರೆ. ಪ್ರಜಾಪ್ರತಿನಿಧಿ ಕಾಯ್ದೆ 1950ರ 20ನೇ ಕಲಂ ಸ್ಪಷ್ಟವಾಗಿದೆ. ತಾತ್ಕಾಲಿಕವಾಗಿ ಊರಿನಿಂದ ದೂರವಿದ್ದ ಮಾತ್ರಕ್ಕೆ ಒಬ್ಬನು ಅಲ್ಲಿನ ಸಾಮಾನ್ಯ ನಿವಾಸಿಯಾಗಿರುವುದು ನಿಂತುಹೋಗುವುದಿಲ್ಲ. ದುಡಿಯಲು ಹೋಗಿ ಹಬ್ಬಕ್ಕೆ ಮರಳುವವನ ಹೆಸರು ಪಟ್ಟಿಯಲ್ಲಿರಬೇಕು. ಶಾಶ್ವತವಾಗಿ ಬೇರೆಡೆ ನೆಲೆಸಿದವನು ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ಈ ಎರಡರ ವ್ಯತ್ಯಾಸ ಮತಗಟ್ಟೆ ಮಟ್ಟದ ಅಧಿಕಾರಿಗಿಂತ ಆ ಓಣಿಯ ಸದಸ್ಯರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಗುಳೆ ಹೋದವರು ಮತ ಹಾಕಲು ಮರಳುವುದು ಹೇಗೆ ಎಂಬುದನ್ನೂ ನಾವು ಮುಚ್ಚುಮರೆಯಿಲ್ಲದೆ ಮಾತನಾಡಬೇಕು. ಅನೇಕರು ಸ್ವಂತ ಖರ್ಚಿನಲ್ಲಿ ಬರುತ್ತಾರೆ. ಕೆಲವರು ಯಾರೋ ಕಳುಹಿಸಿದ ವಾಹನದಲ್ಲಿ ಬರುತ್ತಾರೆ. ಮತದಾರರನ್ನು ಮತಗಟ್ಟೆಗೆ ಉಚಿತವಾಗಿ ಸಾಗಿಸಲು ಅಭ್ಯರ್ಥಿಯು ವಾಹನ ಗೊತ್ತುಮಾಡುವುದನ್ನು ಚುನಾವಣಾ ಕಾನೂನು ಭ್ರಷ್ಟಾಚರಣೆಯೆಂದು ಕರೆಯುತ್ತದೆ. ಕಾನೂನಿನ ಆಚೆಗೂ ಒಂದು ಹಾನಿಯಿದೆ. ಹೀಗೆ ಬಂದವನ ಮತದಾನವು ತನ್ನ ಇಚ್ಛೆಯಿಂದ ಆರಂಭವಾಗುವುದಿಲ್ಲ, ಬಸ್ಸಿನ ಬಾಡಿಗೆ ಕೊಟ್ಟವನ ಇಚ್ಛೆಯಿಂದ ಆರಂಭವಾಗುತ್ತದೆ. ಬಾಡಿಗೆ ಕೊಡುವವರಿಲ್ಲದ ಚುನಾವಣೆಯಲ್ಲಿ ಅವನು ಬರುವುದೇ ಇಲ್ಲ. ಶೇಕಡಾವಾರು ಏರಿತೆಂದು ನಾವು ಸಂತೋಷಪಡುವಾಗ, ಏರಿದ್ದರಲ್ಲಿ ಎಷ್ಟು ಪಾಲು ಇಂತಹದು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಹಣದ ಬಲವು ವೃದ್ಧರನ್ನು ಮುಟ್ಟುವ ಬಗೆ ಬೇರೆ. "ಇವರಿಗೆ ಹಾಕದಿದ್ದರೆ ನಿನ್ನ ಪಗಾರ ನಿಲ್ಲುತ್ತದೆ" ಎಂದು ಯಾರೋ ಹೇಳಿದರೆಂದು ಪಿಂಚಣಿ ಪಡೆಯುವ ಅಜ್ಜಿಯೊಬ್ಬರು ಕಚೇರಿಗೆ ಬಂದು ವಿಚಾರಿಸುವುದು ಪಂಚಾಯಿತಿಯ ಸಿಬ್ಬಂದಿಗೆ ಅಪರಿಚಿತ ಅನುಭವವಲ್ಲ. ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿಯನ್ನು ನಮ್ಮ ಹಿರಿಯರು ಪಗಾರ ಎಂದೇ ಕರೆಯುತ್ತಾರೆ. ಔಷಧಿಗೂ ಚಹಾಪುಡಿಗೂ ಅದನ್ನೇ ನಂಬಿದವರಿದ್ದಾರೆ. ಆ ಹಣಕ್ಕೂ ಮತಕ್ಕೂ ಯಾವ ಸಂಬಂಧವೂ ಇಲ್ಲ, ಅವರು ಯಾರಿಗೆ ಮತ ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ ಎಂದು ಸದಸ್ಯರಾದ ತಾವು ಹೇಳಿದರೆ ಅವರು ನಂಬುತ್ತಾರೆ. ಮತಕ್ಕಾಗಿ ಹಣ ಕೊಡುವುದೂ ಪಡೆಯುವುದೂ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಂತೆ ಲಂಚ. ಬೆದರಿಕೆಯನ್ನು 171ನೇ ಕಲಂ ಅನುಚಿತ ಪ್ರಭಾವ ಎನ್ನುತ್ತದೆ.

ಹಣವು ಮತವನ್ನು ನುಂಗುವ ಕೊನೆಯ ಬಗೆಯೊಂದಿದೆ. ಅದು ಸ್ಥಾನಗಳ ಹರಾಜು. 2020ರ ಚುನಾವಣೆಯ ವೇಳೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಸ್ಥಾನಗಳನ್ನು ಸವಾಲಿಗಿಟ್ಟ ಸುದ್ದಿಗಳು ಬಂದವು. ರಾಜ್ಯ ಚುನಾವಣಾ ಆಯೋಗವು ಇಂತಹ ಪ್ರಕರಣಗಳಲ್ಲಿ ಕ್ರಮ ಜರುಗಿಸುವಂತೆ ಜಿಲ್ಲಾಧಿಕಾರಿಗಳಿಗೆ ಸೂಚಿಸಿತು. ಹರಾಜು ಮಾಡುವವರು ಕೊಡುವ ಸಮರ್ಥನೆ ನಮಗೆ ಗೊತ್ತು. ಊರಲ್ಲಿ ಜಗಳ ಬೇಡ, ಹಣ ಗುಡಿಗೆ ಹೋಗುತ್ತದೆ, ಯಾರ ಜೇಬಿಗೂ ಅಲ್ಲ ಎನ್ನುತ್ತಾರೆ. ಗುಡಿಯ ಮೇಲಿನ ಭಕ್ತಿಯನ್ನು ನಾನು ಪ್ರಶ್ನಿಸುವುದಿಲ್ಲ. ಒಂದು ಲೆಕ್ಕವನ್ನು ಮಾತ್ರ ಮುಂದಿಡುತ್ತೇನೆ. ಸಾವಿರ ಮತದಾರರ ವಾರ್ಡಿನ ಒಂದು ಸ್ಥಾನ ಐದು ಲಕ್ಷ ರೂಪಾಯಿಗೆ ಹೋಯಿತು ಎಂದಿಟ್ಟುಕೊಳ್ಳೋಣ. ಒಬ್ಬ ಮತದಾರನ ಪಾಲಿಗೆ 500 ರೂಪಾಯಿ. ಐದು ವರ್ಷಗಳ 1,825 ದಿನಗಳಿಗೆ ಹಂಚಿದರೆ ದಿನಕ್ಕೆ 27 ಪೈಸೆ. ಈ ಬೆಲೆಗೆ ಇಡೀ ಊರಿನ ಆಯ್ಕೆಯ ಹಕ್ಕು ಹೋಯಿತು. ಆ ಸವಾಲಿನಲ್ಲಿ ಕೂಗಲು ಐದು ಲಕ್ಷ ಇರುವವರಿಗೆ ಮಾತ್ರ ಬಾಯಿ ಇರುತ್ತದೆ. ಭೂಕಂದಾಯ ಕಟ್ಟುವವನಿಗೆ ಮಾತ್ರ ಮತ ಎಂಬ 1950ಕ್ಕೆ ಮೊದಲಿನ ಪದ್ಧತಿಗಿಂತಲೂ ಇದು ಹಿಂದೆ ಸರಿದಂತೆ. ಹದಿನೆಂಟು ತುಂಬಿ ಮೊದಲ ಸಲ ಮತ ಹಾಕಲು ಕಾದಿದ್ದ ಹುಡುಗಿಗೂ, ಇದೇ ತನ್ನ ಕೊನೆಯ ಮತವೆಂದು ಭಾವಿಸಿದ್ದ ಮುದುಕನಿಗೂ ಆ ದಿನ ಮತಗಟ್ಟೆ ತೆರೆಯುವುದೇ ಇಲ್ಲ.

ಮಾನ್ಯ ಸದಸ್ಯರೇ, ಮತಗಟ್ಟೆಗೆ ಬಾರದವರಿಂದ ಆಗುವ ನಷ್ಟ ಚುನಾವಣೆಯ ದಿನಕ್ಕೆ ಮುಗಿಯುವುದಿಲ್ಲ. ಬಂದವರ ಮುಖ ನಮಗೆ ನೆನಪಿರುತ್ತದೆ. ಅವರ ಓಣಿಯ ಚರಂಡಿ ಕ್ರಿಯಾ ಯೋಜನೆಯಲ್ಲಿ ಮೊದಲು ಸೇರುತ್ತದೆ. ಬಾರದವರ ಬೇಡಿಕೆಯನ್ನು ಹೇಳುವವರು ಯಾರೂ ಇರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರಿಗೆ ಗ್ರಂಥಾಲಯದ ಅರಿವು ಕೇಂದ್ರ ಸಂಜೆಯೂ ತೆರೆದಿರಬೇಕು. ಕೂಲಿಗೆ ಹೋಗುವ ತಾಯಂದಿರಿಗೆ ಕೂಸಿನ ಮನೆ ಬೇಕು. ಗುಳೆ ಹೋಗುವವರಿಗೆ ಬೇಸಿಗೆಯಲ್ಲಿ ಊರಲ್ಲೇ ಉದ್ಯೋಗ ಖಾತರಿಯ ಕೆಲಸ ಸಕಾಲದಲ್ಲಿ ಸಿಗಬೇಕು. ಇವೆಲ್ಲ ಮತಗಟ್ಟೆಗೆ ಕಡಿಮೆ ಬರುವವರ ಬೇಡಿಕೆಗಳು ಎಂಬುದನ್ನು ಗಮನಿಸಿ. ಕೆಲಸ ಸಿಗದ್ದಕ್ಕೆ ಗುಳೆ ಹೋಗುತ್ತಾರೆ. ಗುಳೆ ಹೋದದ್ದಕ್ಕೆ ಮತ ತಪ್ಪುತ್ತದೆ. ಮತ ತಪ್ಪಿದ್ದಕ್ಕೆ ಅವರ ಬೇಡಿಕೆ ಮರೆಯಾಗುತ್ತದೆ. ಈ ಸುತ್ತನ್ನು ಎಲ್ಲಿಯಾದರೂ ಒಂದು ಕಡೆ ಕಡಿಯಲೇಬೇಕು.

2015ರ ತಿದ್ದುಪಡಿಯಲ್ಲಿ ನಮ್ಮ ರಾಜ್ಯವು ಪಂಚಾಯಿತಿ ಚುನಾವಣೆಯಲ್ಲಿ ಮತದಾನವನ್ನು ಕಡ್ಡಾಯವೆಂದಿತು. ಆದರೆ ಹಾಕದವರಿಗೆ ದಂಡವಿಲ್ಲ. ದಂಡವಿಲ್ಲದಿರುವುದು ಒಳ್ಳೆಯದೇ ಎಂಬುದು ನನ್ನ ಅಭಿಪ್ರಾಯ. ದಂಡ ಹಾಕಿದ್ದರೆ ಅದು ಬೀಳುತ್ತಿದ್ದುದು ಗೋವೆಯಲ್ಲಿ ಇಟ್ಟಿಗೆ ಹೊರುವವನ ಮೇಲೆ, ಹಾಸಿಗೆ ಹಿಡಿದ ಮುದುಕಿಯ ಮೇಲೆ. ಆದ್ದರಿಂದ ಕೆಲಸ ನಮ್ಮ ಮೇಲಿದೆ. ಈ ಅವಧಿ ಮುಗಿಯುವ ಮುನ್ನ ಮಾಡಬಹುದಾದ ಐದು ಕೆಲಸಗಳನ್ನು ಸೂಚಿಸಿ ನನ್ನ ಮಾತು ಮುಗಿಸುತ್ತೇನೆ.

ಮೊದಲನೆಯದು: ತಮ್ಮ ವಾರ್ಡಿನ ಮತದಾರರ ಪಟ್ಟಿಯನ್ನು ಮತಗಟ್ಟೆ ಮಟ್ಟದ ಅಧಿಕಾರಿಯೊಡನೆ ಕುಳಿತು ಓದಿ. ಪಟ್ಟಿಯಲ್ಲಿ ವಯಸ್ಸು ಅಚ್ಚಾಗಿದೆ, ಜೀವನೋಪಾಯ ಅಚ್ಚಾಗಿಲ್ಲ. ಅದು ತಮಗೆ ಬಾಯಿಪಾಠವಿದೆ. 18ರಿಂದ 25, ಮದುವೆಯಾಗಿ ಬಂದವರು, ಗುಳೆ ಹೋದವರು, 80 ದಾಟಿದವರು ಹೀಗೆ ನಾಲ್ಕು ಗುಂಪು ಮಾಡಿ. ತೀರಿಕೊಂಡವರ ಹೆಸರಿಗೆ ನಮೂನೆ 7 ಕೊಡಿಸಿ.

ಎರಡನೆಯದು: ಶಾಲಾ ಕಾಲೇಜುಗಳ ಚುನಾವಣಾ ಸಾಕ್ಷರತಾ ಸಂಘಗಳ ನೆರವಿನಿಂದ, 17 ತುಂಬಿದ ಪ್ರತಿಯೊಬ್ಬ ವಿದ್ಯಾರ್ಥಿಯ ಅರ್ಜಿಯನ್ನು ಕಾಲೇಜಿನಲ್ಲೇ ಭರ್ತಿ ಮಾಡಿಸಿ. ಕಾಲೇಜು ಬಿಟ್ಟು ಮಗ್ಗಕ್ಕೆ, ಗ್ಯಾರೇಜಿಗೆ ಹೋದ ಹುಡುಗರನ್ನು ಮರೆಯಬೇಡಿ. ಪಟ್ಟಿಯ ಮಾಹಿತಿಗೆ 1950 ಸಂಖ್ಯೆಯ ಸಹಾಯವಾಣಿ ಇದೆ.

ಮೂರನೆಯದು: ಗುಳೆ ಹೋದ ಕುಟುಂಬಗಳ ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಪಂಚಾಯಿತಿಯಲ್ಲಿ ಇಟ್ಟುಕೊಳ್ಳೋಣ. ಚುನಾವಣೆಯ ದಿನಾಂಕ ಘೋಷಣೆಯಾದ ದಿನವೇ ಯಾವ ಪಕ್ಷಪಾತವೂ ಇಲ್ಲದೆ ಎಲ್ಲರಿಗೂ ಒಂದೇ ಸಂದೇಶ ಹೋಗಲಿ. ಮುಂಚಿತವಾಗಿ ತಿಳಿದವನು ತನ್ನ ಬಸ್ಸಿನ ಟಿಕೆಟನ್ನು ತಾನೇ ತೆಗೆಸಬಲ್ಲನು.

ನಾಲ್ಕನೆಯದು: ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳನ್ನು ದುಡಿಯುವವರು ಬರಬಹುದಾದ ಹೊತ್ತಿನಲ್ಲಿ ಇಡಿ. ನಡುಹಗಲಿನ ಸಭೆಗೆ ಬರುವುದು ಬಿಡುವಿದ್ದವರು ಮಾತ್ರ. ಐದು ವರ್ಷಗಳಲ್ಲಿ ಒಮ್ಮೆಯೂ ತನ್ನ ಮಾತು ದಾಖಲಾಗದವನು ಮತಗಟ್ಟೆಗೆ ಏಕೆ ಬರಬೇಕು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು.

ಐದನೆಯದು: ತಮ್ಮ ಊರಿನಲ್ಲಿ ಸವಾಲಿನ ಮಾತು ಎದ್ದ ದಿನವೇ ಅದು ಅಪರಾಧವೆಂದು ಎದ್ದು ನಿಂತು ಹೇಳಿ. ಅಧಿಕಾರಿಗಳು ಹೇಳಿದರೆ ಅದು ಕಾನೂನಿನ ಮಾತಾಗುತ್ತದೆ, ತಾವು ಹೇಳಿದರೆ ಊರಿನ ಮಾತಾಗುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹೊಸ ಅನುದಾನ ಬೇಕಿಲ್ಲ. ಯಾರಿಗೆ ಮತ ಹಾಕಬೇಕೆಂದು ಹೇಳುವ ಅಧಿಕಾರ ನನಗಿಲ್ಲ, ಸರ್ಕಾರಿ ಸೇವಕನಾಗಿ ಆ ಮಾತನ್ನು ಆಡಲೂ ಬಾರದು. ಬಾರದ ಇನ್ನೂರು ಜನರ ಹೆಸರುಗಳನ್ನು ಹುಡುಕುವಾಗ, ಅವರು ನಮಗೆ ಹಾಕುವವರೋ ಎದುರಾಳಿಗೆ ಹಾಕುವವರೋ ಎಂದು ತಾವೂ ನೋಡಬೇಡಿ ಎಂದು ವಿನಂತಿಸುತ್ತೇನೆ. ಪಟ್ಟಿಯ ಪರಿಶೀಲನೆಗೆ ದಿನ ಗೊತ್ತುಮಾಡಿ ತಿಳಿಸಿದರೆ ನಮ್ಮ ಕಚೇರಿಗಳ ಸಿಬ್ಬಂದಿ ತಮ್ಮೊಡನೆ ಓಣಿ ಓಣಿಗೆ ಬರಲು ಸಿದ್ಧರಿದ್ದೇವೆ.